ಮುಳ್ಳುಗಳ ನುಡಿ

ಕಣ್ಣಾರೆ ಕಂಡದ್ದು ಸುಳ್ಳಾಗಲಾರದೆಂಬುದು ಲೋಕರೂಢಿಯ ಮಾತು. ಶಾಸ್ತ್ರಕಾರರು ಪ್ರಮಾಣಗಳನ್ನು ಎಣಿಸತೊಡಗಿದಾಗ ಪ್ರತ್ಯಕ್ಷಕ್ಕೇ ಮೊದಲ ಮಣೆಯನ್ನು ಹಾಕಿದರು. ಅನುಮಾನವೂ ಶಬ್ದವೂ ಅದರ ಬೆನ್ನಿಗೆ ಬಂದವು. ಆದರೆ ಪ್ರತ್ಯಕ್ಷಕ್ಕೂ ಭ್ರಾಂತಿಯ ಕಾಟವುಂಟೆಂಬುದನ್ನು ಅವರು ಮರೆಯಲಿಲ್ಲ. ಮಬ್ಬುಗತ್ತಲೆಯಲ್ಲಿ ಹಗ್ಗವು ಹಾವಾಗಿ ತೋರುತ್ತದೆ. ದಂಡೆಯ ಮೇಲಿನ ಚಿಪ್ಪು ಬೆಳ್ಳಿಯಾಗಿ ಹೊಳೆಯುತ್ತದೆ. ನೆಲದ ಮೇಲೆ ನಡೆಯುವವನಿಗೆ ಇದರಿಂದ ಒದಗುವ ಹಾನಿ ಅಲ್ಪವೇ ಸರಿ. ಹಾವೆಂದು ಬೆದರಿ ಹಿಂದೆ ಸರಿದವನು ದೀಪ ತಂದು ನೋಡಿ, ತನ್ನ ಅಂಜಿಕೆಗೆ ತಾನೇ ನಕ್ಕು ಮುಂದೆ ಸಾಗುತ್ತಾನೆ. ಮುಗಿಲ ನಡುವೆ ವಿಮಾನವನ್ನು ನಡೆಸುವವನಿಗಾದರೋ ದೀಪ ತರುವಷ್ಟು ವ್ಯವಧಾನವಿಲ್ಲ. ಅಲ್ಲಿ ಭ್ರಾಂತಿಗೂ ಮರಣಕ್ಕೂ ನಡುವೆ ಇರುವುದು ಕೆಲವೇ ಕ್ಷಣಗಳ ಅಂತರ.

ಮನುಷ್ಯನ ಒಳಗಿವಿಯಲ್ಲಿ ಅರ್ಧವೃತ್ತಾಕಾರದ ಮೂರು ನಾಳಗಳಿವೆ. ತಲೆಯು ತಿರುಗಿದಾಗ ಅವುಗಳಲ್ಲಿ ತುಂಬಿದ ದ್ರವವು ತುಸು ಹಿಂದುಳಿದು, ಅಲ್ಲಿರುವ ಸೂಕ್ಷ್ಮ ರೋಮಗಳನ್ನು ಬಾಗಿಸಿ, ತಿರುಗುವಿಕೆಯ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುತ್ತದೆ. ಇದು ನಡೆದಾಡುವ ಪ್ರಾಣಿಗೆ ಪ್ರಕೃತಿಯಿತ್ತ ವರ. ಆದರೆ ವಿಮಾನವು ಒಂದೇ ಸಮನಾದ ತಿರುವಿನಲ್ಲಿ ಹತ್ತಿಪ್ಪತ್ತು ಸೆಕೆಂಡುಗಳ ಕಾಲ ಸಾಗಿತೆಂದರೆ ದ್ರವವೂ ನಾಳದ ವೇಗವನ್ನೇ ಪಡೆಯುತ್ತದೆ. ಬಾಗಿದ ರೋಮಗಳು ನೆಟ್ಟಗಾಗುತ್ತವೆ. ವಿಮಾನವು ವಾಲಿಯೇ ಇದ್ದರೂ ‘ಎಲ್ಲವೂ ನೇರವಾಗಿದೆ’ ಎಂಬ ಸುದ್ದಿ ಮೆದುಳಿಗೆ ಹೋಗುತ್ತದೆ. ಆಗ ಚಾಲಕನು ವಿಮಾನವನ್ನು ನಿಜವಾಗಿ ನೇರಗೊಳಿಸಿದನೋ, ಅದು ವಿರುದ್ಧ ದಿಕ್ಕಿಗೆ ವಾಲಿದಂತೆ ಅವನಿಗೆ ಭಾಸವಾಗುತ್ತದೆ. ಹೊರಗೆ ದಿಗಂತ ಕಂಡರೆ ಕಣ್ಣು ಕಿವಿಯನ್ನು ತಿದ್ದುತ್ತದೆ. ಮೋಡವೋ ಇರುಳೋ ಕವಿದರೆ ತಿದ್ದುವವರಿಲ್ಲ.

೧೯೫೪ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದವರು ಈ ಸಂಗತಿಯನ್ನು ಪರೀಕ್ಷೆಗೆ ಒಡ್ಡಿದರು. ಉಪಕರಣಗಳನ್ನೇ ನಂಬಿ ಹಾರುವ ಶಿಕ್ಷಣವನ್ನು ಪಡೆಯದ ೨೦ ಮಂದಿ ಚಾಲಕರಿಗೆ ಹೊರಗಿನ ನೋಟವನ್ನು ಮರೆಮಾಡಿ ವಿಮಾನವನ್ನು ಒಪ್ಪಿಸಲಾಯಿತು. ಇಪ್ಪತ್ತು ಮಂದಿಯೂ ಹತೋಟಿ ತಪ್ಪಿದರು. ಅದಕ್ಕೆ ಹಿಡಿದ ಕಾಲದ ಸರಾಸರಿ ೧೭೮ ಸೆಕೆಂಡುಗಳು, ಅಂದರೆ ಮೂರು ನಿಮಿಷಕ್ಕೂ ಕಡಿಮೆ. ಅವರಾರೂ ದಡ್ಡರಲ್ಲ, ಅಜಾಗರೂಕರೂ ಅಲ್ಲ. ತಮ್ಮ ದೇಹವು ನುಡಿದುದನ್ನು ಅವರು ನಂಬಿದರು, ಅಷ್ಟೆ.

ದೇಹದ ಸಾಕ್ಷ್ಯವನ್ನು ಬದಿಗಿಟ್ಟು ಮುಳ್ಳುಗಳ ಸಾಕ್ಷ್ಯವನ್ನು ನಂಬಿ ಹಾರಬಹುದೆಂಬುದು ಅದಕ್ಕೂ ಮೊದಲೇ ಸಿದ್ಧವಾಗಿತ್ತು. ೧೯೨೯ರ ಸೆಪ್ಟೆಂಬರ್ ೨೪ರಂದು ನ್ಯೂಯಾರ್ಕ್ ಪ್ರಾಂತದ ಮಿಚೆಲ್ ಫೀಲ್ಡ್ ಎಂಬಲ್ಲಿ ಜೇಮ್ಸ್ ಡೂಲಿಟ್ಲ್ ಎಂಬ ವಿಮಾನವೀರನು ತನ್ನ ಆಸನದ ಮೇಲೆ ಮುಸುಕನ್ನು ಎಳೆದುಕೊಂಡು, ಹೊರಗಿನದೊಂದನ್ನೂ ಕಾಣದೆ ಮೇಲೇರಿ, ಸುತ್ತಿ, ಮರಳಿ ನೆಲಕ್ಕಿಳಿದನು. ಆ ಹಾರಾಟವು ಸುಮಾರು ೧೫ ನಿಮಿಷಗಳದು. ಮುಂದಿನ ಆಸನದಲ್ಲಿ ರಕ್ಷಣೆಗಾಗಿ ಇನ್ನೊಬ್ಬ ಚಾಲಕನು ಕುಳಿತಿದ್ದನಾದರೂ ಅವನು ಕೈ ಹಾಕಬೇಕಾಗಿ ಬರಲಿಲ್ಲ. ಸ್ಪೆರಿಯವರ ಕೃತಕ ಕ್ಷಿತಿಜ ಹಾಗೂ ದಿಕ್ಸೂಚಕ, ಕೋಲ್ಸ್‌ಮನ್‌ನ ಸೂಕ್ಷ್ಮ ಔನ್ನತ್ಯಮಾಪಕ ಇವು ಅಂದು ಡೂಲಿಟ್ಲ್‌ನ ಕಣ್ಣುಗಳಾದವು.

ವಿಮಾನದ ಫಲಕದಲ್ಲಿ ಮುಖ್ಯವಾದ ಮಾಪಕಗಳು ಆರು. ವೇಗವನ್ನು ಹೇಳುವುದೊಂದು, ಎತ್ತರವನ್ನು ಹೇಳುವುದೊಂದು, ಏರಿಳಿತದ ಗತಿಯನ್ನು ಹೇಳುವುದೊಂದು. ಈ ಮೂರೂ ಗಾಳಿಯ ಒತ್ತಡವನ್ನು ಅಳೆದು ನುಡಿಯುತ್ತವೆ. ಉಳಿದ ಮೂರು ಎಂದರೆ ಕೃತಕ ಕ್ಷಿತಿಜ, ದಿಕ್ಸೂಚಕ, ತಿರುವುಸೂಚಕ. ಇವುಗಳ ಒಡಲಲ್ಲಿ ಗೈರೋಸ್ಕೋಪ್ ಎಂಬ ಬುಗುರಿ ತಿರುಗುತ್ತಿರುತ್ತದೆ. ರಭಸದಿಂದ ತಿರುಗುವ ಬುಗುರಿಯು ತನ್ನ ಅಕ್ಷವನ್ನು ಸುಲಭವಾಗಿ ಬಿಟ್ಟುಕೊಡದೆಂಬುದನ್ನು ಬೀದಿಯಲ್ಲಿ ಆಡುವ ಹುಡುಗರೂ ಬಲ್ಲರು. ವಿಮಾನವು ಎತ್ತ ವಾಲಿದರೂ ಬುಗುರಿಯು ತನ್ನ ನಿಲುವಿನಲ್ಲೇ ನಿಂತು, ವಾಲಿದ್ದು ಎಷ್ಟೆಂಬುದನ್ನು ತೋರಿಸಿಕೊಡುತ್ತದೆ. ಚಾಲಕನ ದೃಷ್ಟಿಯು ಈ ಆರರ ಮೇಲೆ ಎಡೆಬಿಡದೆ ಸುತ್ತುತ್ತಿರಬೇಕು. ಒಂದರಲ್ಲಿಯೇ ನೆಟ್ಟ ನೋಟವು ಕೇಡಿಗೆ ಮೂಲ. ಒಂದು ಹೇಳಿದ್ದನ್ನು ಮತ್ತೊಂದು ಸಮರ್ಥಿಸುವುದೋ ಇಲ್ಲವೋ ಎಂದು ಕ್ಷಣಕ್ಷಣಕ್ಕೂ ಹೋಲಿಸಿ ನೋಡುವುದೇ ಈ ವಿದ್ಯೆಯ ತಿರುಳು.

ಇಂತಹ ವಿದ್ಯೆಯನ್ನು ಕಲಿಸುವುದೆಲ್ಲಿ? ಆಕಾಶದಲ್ಲಿ ಕಲಿಸಹೊರಟರೆ ತಪ್ಪಿಗೆ ತೆರುವ ಬೆಲೆ ಪ್ರಾಣ. ನೆಲದ ಮೇಲೆ ಕಲಿಸುವ ದಾರಿಯನ್ನು ಕಂಡವನು ಎಡ್ವಿನ್ ಲಿಂಕ್. ನ್ಯೂಯಾರ್ಕ್ ಪ್ರಾಂತದ ಬಿಂಗ್‌ಹ್ಯಾಮ್‌ಟನ್ ಎಂಬ ಊರಿನಲ್ಲಿ ಅವನ ತಂದೆಗೆ ಪಿಯಾನೋ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆಯಿತ್ತು. ೧೯೨೦ರಲ್ಲಿ ಹದಿಹರೆಯದ ಲಿಂಕನು ೫೦ ಡಾಲರುಗಳನ್ನು ತೆತ್ತು ಮೊದಲ ಹಾರಾಟದ ಪಾಠಕ್ಕೆ ಹೋದನು. ಗುರುವು ವಿಮಾನವನ್ನು ಲಾಗ ಹಾಕಿಸಿ ತೋರಿಸಿದನೇ ಹೊರತು ಶಿಷ್ಯನ ಕೈಗೆ ಹಿಡಿಕೆಯನ್ನು ಕೊಡಲೇ ಇಲ್ಲ. ಹಣವೂ ಹೋಯಿತು, ಕಲಿಕೆಯೂ ಆಗಲಿಲ್ಲ. ಬಡವನೂ ಕಲಿಯಬಹುದಾದ ಒಂದು ಉಪಾಯ ಬೇಕೆಂಬ ಹಂಬಲವು ಅವನಲ್ಲಿ ಬೇರೂರಿತು. ೧೯೨೭ರಿಂದ ೧೯೨೯ರವರೆಗೆ ಅವನು ಕಾರ್ಖಾನೆಯ ನೆಲಮಾಳಿಗೆಯಲ್ಲಿ ದುಡಿದು ಒಂದು ಯಂತ್ರವನ್ನು ರೂಪಿಸಿದನು. ಗಿಡ್ಡ ರೆಕ್ಕೆಗಳುಳ್ಳ ಮರದ ಪೆಟ್ಟಿಗೆಯೊಂದು. ಅದರ ಕೆಳಗೆ ಆರ್ಗನ್ ವಾದ್ಯದ ತಿದಿಗಳು. ಭಜನೆಯ ಮನೆಯಲ್ಲಿ ಹಾರ್ಮೋನಿಯಮ್ಮಿನ ತಿದಿಯನ್ನು ಕಂಡವರಿಗೆ ಇದರ ಮರ್ಮ ತಿಳಿಯುವುದು ಕಷ್ಟವಲ್ಲ. ಒಳಗೆ ಕುಳಿತವನು ಹಿಡಿಕೆಯನ್ನು ಆಡಿಸಿದಂತೆ ತಿದಿಗಳಲ್ಲಿ ಗಾಳಿ ತುಂಬಿಯೋ ಬರಿದಾಗಿಯೋ ಪೆಟ್ಟಿಗೆಯು ಏಳುತ್ತಿತ್ತು, ಬಾಗುತ್ತಿತ್ತು, ತಿರುಗುತ್ತಿತ್ತು. ಸ್ವರವನ್ನು ಹೊರಡಿಸಬೇಕಾದ ಉಸಿರು ಹಾರಾಟವನ್ನು ಕಲಿಸುವ ಉಸಿರಾಯಿತು.

ಆದರೂ ಮೊದಮೊದಲು ಅದನ್ನು ಕೊಂಡವರು ವಿನೋದದ ಜಾತ್ರೆಗಳನ್ನು ನಡೆಸುವವರು. ೧೯೩೪ರಲ್ಲಿ ಅಮೆರಿಕದ ಸೈನ್ಯಕ್ಕೆ ಅಂಚೆಯನ್ನು ವಿಮಾನದಲ್ಲಿ ಸಾಗಿಸುವ ಹೊಣೆ ಒಮ್ಮೆಲೇ ಬಿದ್ದಾಗ, ಮಂಜಿನಲ್ಲೂ ಇರುಳಿನಲ್ಲೂ ಹಾರುವ ಅಭ್ಯಾಸವಿಲ್ಲದ ಹತ್ತಕ್ಕೂ ಹೆಚ್ಚು ಸೈನಿಕ ವೈಮಾನಿಕರು ಕೆಲವೇ ವಾರಗಳಲ್ಲಿ ಮಡಿದರು. ಆಗ ಸೈನ್ಯದವರ ಕಣ್ಣು ಲಿಂಕನ ಪೆಟ್ಟಿಗೆಯ ಕಡೆಗೆ ತಿರುಗಿತು. ಅವನನ್ನು ಕಾಣಲು ಅಧಿಕಾರಿಗಳು ನ್ಯೂವಾರ್ಕ್ ವಿಮಾನನಿಲ್ದಾಣದಲ್ಲಿ ಕಾದಿದ್ದರು. ಹವೆ ಕೆಟ್ಟು ಮಂಜು ಕವಿದಿತ್ತು. ಇನ್ನು ಬರಲಾರನೆಂದು ಅವರು ಹೊರಡಲಣಿಯಾದರು. ಅಷ್ಟರಲ್ಲಿ ಮಂಜನ್ನು ಸೀಳಿಕೊಂಡು ಅವನ ವಿಮಾನ ಬಂದಿಳಿಯಿತು. ಅದಕ್ಕಿಂತ ಹೆಚ್ಚಿನ ಪ್ರಮಾಣಪತ್ರ ಬೇಕಾಗಲಿಲ್ಲ. ಒಂದಕ್ಕೆ ೩೫೦೦ ಡಾಲರಿನಂತೆ ಸೈನ್ಯವು ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧವು ಮುಗಿಯುವ ವೇಳೆಗೆ ಸುಮಾರು ೧೦,೦೦೦ ಪೆಟ್ಟಿಗೆಗಳು ತಯಾರಾಗಿ, ಐದು ಲಕ್ಷಕ್ಕೂ ಮಿಕ್ಕಿದ ವೈಮಾನಿಕರು ಅವುಗಳಲ್ಲಿ ಕುಳಿತು ಕಲಿತಿದ್ದರು.

ಈ ಪೆಟ್ಟಿಗೆಯಲ್ಲಿ ವಾಚಕರು ಮುಖ್ಯವಾಗಿ ಗಮನಿಸಬೇಕಾದ ಒಂದಂಶವುಂಟು. ಶಿಷ್ಯನು ಮುಚ್ಚಳ ಮುಚ್ಚಿದ ಪೆಟ್ಟಿಗೆಯೊಳಗೆ ಮಾಪಕಗಳನ್ನು ನೋಡುತ್ತ ಕುಳಿತಿರುವನು; ಗುರುವು ಕೆಲವು ಮಾರು ದೂರದಲ್ಲಿ ಬೇರೊಂದು ಮೇಜಿನ ಮುಂದೆ. ಆ ಮೇಜಿನ ಮೇಲೆಯೂ ವೇಗವನ್ನೂ ಎತ್ತರವನ್ನೂ ತೋರುವ ಪ್ರತಿಮಾಪಕಗಳು. ಅದರೊಡನೆ ಮೂರು ಚಕ್ರಗಳ ಪುಟ್ಟ ಯಂತ್ರವೊಂದು ನಕ್ಷೆಯ ಮೇಲೆ ತೆವಳುತ್ತ ಶಿಷ್ಯನು ಹಾರಿದ ಹಾದಿಯನ್ನು ಶಾಯಿಯಲ್ಲಿ ಬರೆಯುತ್ತಿತ್ತು. ಅದರ ನಡಿಗೆಯನ್ನು ಕಂಡು ಅದಕ್ಕೆ ‘ಏಡಿ’ ಎಂದೇ ಹೆಸರಿಟ್ಟಿದ್ದರು. ಹಾರಾಟವು ನಡೆಯುವ ಜಾಗ ಒಂದು, ಅದರ ವಾರ್ತೆಯು ಕಾಣುವ ಜಾಗ ಇನ್ನೊಂದು. ಹಾರಾಟದ ಫಲಕವನ್ನು ಹಾರಾಟದ ಯಂತ್ರದಿಂದ ಬೇರ್ಪಡಿಸಿ ಬೇರೆಡೆಯಲ್ಲಿ ನಿಲ್ಲಿಸುವ ಯೋಚನೆಯು ಕಂಪ್ಯೂಟರಿಗಿಂತ ಹಳೆಯದೆಂಬುದು ಇದರಿಂದ ವಿದಿತವಾಗುತ್ತದೆ.

ಕಾಲಾಂತರದಲ್ಲಿ ತಿದಿಗಳ ಸ್ಥಾನಕ್ಕೆ ಗಣಿತ ಬಂದಿತು. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿಯೇ ಬ್ರೂಸ್ ಆರ್ಟ್‌ವಿಕ್ ಎಂಬ ವಿದ್ಯಾರ್ಥಿ ೧೯೭೫ರಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಹಾರಾಟದ ದೃಶ್ಯವನ್ನು ಮೂಡಿಸುವ ಬಗೆಗೆ ಪ್ರಬಂಧವನ್ನು ಬರೆದನು. ಅವನ ಕೈಯಿಂದ ಮೊದಲು ಆಪಲ್ ಗಣಕಕ್ಕೂ, ೧೯೮೨ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಮೂಲಕ ಐಬಿಎಂ ಗಣಕಕ್ಕೂ ‘ಫ್ಲೈಟ್ ಸಿಮ್ಯುಲೇಟರ್’ ಎಂಬ ಕಾರ್ಯಕ್ರಮ ಸಿದ್ಧವಾಯಿತು. ಒಂದೇ ಪರದೆ, ಮೇಲಿನ ಅರ್ಧದಲ್ಲಿ ಗೆರೆಗೆರೆಯಾದ ಭೂಮ್ಯಾಕಾಶ, ಕೆಳಗಿನ ಅರ್ಧದಲ್ಲಿ ಮಾಪಕಗಳು. ಆಮೇಲೆ ಆಸ್ಟಿನ್ ಮೇಯರ್ ಎಂಬಾತನ ಎಕ್ಸ್-ಪ್ಲೇನ್, ಸ್ವಯಂಸೇವಕರು ಕೂಡಿ ಕಟ್ಟಿ ಎಲ್ಲರಿಗೂ ಬಿಟ್ಟಿಯಾಗಿ ಹಂಚಿದ ಫ್ಲೈಟ್‌ಗಿಯರ್ ಮೊದಲಾದವು ಬಂದವು. ವಿಮಾನವನ್ನು ಮುಟ್ಟಿಯೂ ನೋಡದ ಜನ ತಮ್ಮ ಮನೆಯ ಕೋಣೆಯಲ್ಲಿ ಹಾರತೊಡಗಿದರು.

ಹಾರತೊಡಗಿದ ಮೇಲೆ ಹವ್ಯಾಸಿಗೆ ಒಂದು ಕೊರತೆ ಕಾಡಿತು. ಪರದೆಯು ಒಂದೇ, ಕಿಟಕಿಯ ನೋಟವನ್ನು ಹಿರಿದು ಮಾಡಿದರೆ ಮಾಪಕಗಳು ಕಿರಿದಾಗುತ್ತವೆ, ಮಾಪಕಗಳನ್ನು ಓದುವಂತೆ ಹಿಗ್ಗಿಸಿದರೆ ಆಕಾಶ ಕುಗ್ಗುತ್ತದೆ. ಇದಕ್ಕಿಂತ ದೊಡ್ಡ ತೊಡಕು ಯಂತ್ರದ ಬಲಕ್ಕೆ ಸಂಬಂಧಿಸಿದ್ದು. ಬೆಟ್ಟ, ಮೋಡ, ಊರು, ನೀರು ಇವನ್ನೆಲ್ಲ ಸೆಕೆಂಡಿಗೆ ಮೂವತ್ತು ಬಾರಿ ಹೊಸದಾಗಿ ಬರೆಯಬೇಕು. ಅದರ ನಡುವೆ ಗಾಳಿಯ ಬಲಗಳ ಲೆಕ್ಕವನ್ನೂ ಮಾಡಬೇಕು. ಜೊತೆಗೆ ಆರೆಂಟು ಮಾಪಕಗಳ ಮುಳ್ಳುಗಳನ್ನೂ ಆಡಿಸಬೇಕು. ಹೊರೆ ಮಿತಿಮೀರಿದಾಗ ಮುಳ್ಳು ನುಣುಪಾಗಿ ಸರಿಯುವ ಬದಲು ತಡೆದು ತಡೆದು ನೆಗೆಯುತ್ತದೆ. ತಡವಾಗಿ ಬಂದ ವಾರ್ತೆಯನ್ನು ನೋಡಿ ಚಾಲಕನು ಹಿಡಿಕೆಯನ್ನು ಮಿಗಿಲಾಗಿ ಎಳೆಯುತ್ತಾನೆ. ಅದರ ಫಲ ತಡವಾಗಿ ಕಂಡಾಗ ಮಿಗಿಲಾಗಿ ತಳ್ಳುತ್ತಾನೆ. ಹೀಗೆ ವಿಮಾನವು ತೊಟ್ಟಿಲಂತೆ ತೂಗಾಡತೊಡಗುತ್ತದೆ. ತಪ್ಪು ಕೈಯದಲ್ಲ, ತಡವಾದ ಮುಳ್ಳಿನದು.

ಪರಿಹಾರವು ಸರಳ. ಮೂಲೆಯಲ್ಲಿ ಧೂಳು ಹಿಡಿದು ಕುಳಿತ ಹಳೆಯ ಕಂಪ್ಯೂಟರೊಂದನ್ನು ಎತ್ತಿ ತಂದು, ಮೊದಲನೆಯದಕ್ಕೆ ಒಂದು ತಂತಿಯಿಂದ ಜೋಡಿಸಿ, ಮಾಪಕಗಳ ಕೆಲಸವನ್ನು ಅದಕ್ಕೆ ವಹಿಸಿಬಿಡುವುದು. ಹೊಸ ಯಂತ್ರವು ಹಾರಾಟವನ್ನೂ ಹೊರನೋಟವನ್ನೂ ನೋಡಿಕೊಳ್ಳುತ್ತದೆ. ಹಳೆಯದು ಮುಳ್ಳುಗಳನ್ನು ಮಾತ್ರ ಬರೆಯುತ್ತದೆ. ೧೯೯೦ರ ದಶಕದ ಕೊನೆಯ ವೇಳೆಗೆ ಇಂಗ್ಲೆಂಡಿನ ಪೀಟ್ ಡೌಸನ್ ರಚಿಸಿದ ‘ವೈಡ್‌ಎಫ್‌ಎಸ್’ ಎಂಬ ಸಾಧನವು ಮೈಕ್ರೋಸಾಫ್ಟಿನ ಹಾರಾಟವನ್ನು ಇತರ ಗಣಕಗಳಿಗೆ ಹಂಚಿಕೊಡತೊಡಗಿತ್ತು. ೨೦೦೬ರ ಆವೃತ್ತಿಯಲ್ಲಿ ಸ್ವತಃ ಮೈಕ್ರೋಸಾಫ್ಟಿನವರೇ ‘ಸಿಮ್‌ಕನೆಕ್ಟ್’ ಎಂಬ ದ್ವಾರವನ್ನು ತೆರೆದರು. ಎಕ್ಸ್-ಪ್ಲೇನ್ ಮತ್ತು ಫ್ಲೈಟ್‌ಗಿಯರ್‌ಗಳಲ್ಲಿ ಈ ಸೌಕರ್ಯವು ಒಳಗೇ ಅಡಕವಾಗಿದೆ. ಹವ್ಯಾಸಿಯು ತೆಳುವಾದ ಹಲಗೆಯಲ್ಲಿ ವಿಮಾನದ ಮಾಪಕಗಳಿಗಿರುವಂತೆಯೇ ಮೂರು ಅಂಗುಲಕ್ಕೆ ತುಸು ಮಿಕ್ಕಿದ ದುಂಡು ಕಂಡಿಗಳನ್ನು ಕೊರೆದು, ಕರಿಯ ಬಣ್ಣ ಬಳಿದು, ಹಳೆಯ ಪರದೆಯ ಮುಂದೆ ನಿಲ್ಲಿಸುತ್ತಾನೆ. ಕಂಡಿಯೊಂದೊಂದರಲ್ಲೂ ಮಾಪಕವೊಂದೊಂದು ಹೊಂದಿ ಕೂತಾಗ ಪರದೆ ಮರೆಯಾಗಿ ಫಲಕವು ಮೈದೋರುತ್ತದೆ.

ಈ ಎರಡು ಯಂತ್ರಗಳ ನಡುವೆ ಹರಿಯುವುದೇನು? ಚಿತ್ರವಲ್ಲ, ಸಂಖ್ಯೆ. ಇದರಲ್ಲಿಯೇ ಸ್ವಾರಸ್ಯವಿರುವುದು. ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦ ಬಿಂದುಗಳುಳ್ಳ ಪರದೆಯ ಒಂದು ಚಿತ್ರವನ್ನು, ಬಿಂದುವಿಗೆ ಮೂರು ಬೈಟಿನಂತೆ, ಇದ್ದುದನ್ನಿದ್ದಂತೆ ಕಳುಹಿಸಹೊರಟರೆ ೬೨ ಲಕ್ಷ ಬೈಟುಗಳು ಬೇಕು; ಸೆಕೆಂಡಿಗೆ ಮೂವತ್ತು ಚಿತ್ರಗಳೆಂದರೆ ೧೮ ಕೋಟಿಗೂ ಹೆಚ್ಚು. ಮನೆಗಳಲ್ಲಿ ಬಳಸುವ ಗಿಗಾಬಿಟ್ ತಂತಿಯ ಶಕ್ತಿಯೇ ಸೆಕೆಂಡಿಗೆ ಹನ್ನೆರಡೂವರೆ ಕೋಟಿ ಬೈಟು. ಆ ಹೊರೆಯನ್ನು ಅದು ಹೊರಲಾರದು. ಅದರ ಬದಲು ವೇಗ, ಎತ್ತರ, ವಾಲು, ದಿಕ್ಕು ಮೊದಲಾದ ಇಪ್ಪತ್ತು ಸಂಖ್ಯೆಗಳನ್ನು, ಸಂಖ್ಯೆಗೆ ಎಂಟು ಬೈಟಿನಂತೆ, ಸೆಕೆಂಡಿಗೆ ಮೂವತ್ತು ಬಾರಿ ಕಳುಹಿಸಿದರೆ ಆಗುವ ಮೊತ್ತ ೪೮೦೦ ಬೈಟು ಮಾತ್ರ. ಮುಳ್ಳನ್ನು ಯಾವ ಬಣ್ಣದಲ್ಲಿ ಬರೆಯಬೇಕು, ಎಷ್ಟು ಕೋನಕ್ಕೆ ಬಾಗಿಸಬೇಕೆಂಬುದೆಲ್ಲ ಅತ್ತಲಿನ ಯಂತ್ರಕ್ಕೆ ಮೊದಲೇ ತಿಳಿದಿದೆ. ಪ್ರಾಚೀನರು ವ್ಯಾಕರಣವನ್ನು ಸೂತ್ರಗಳಲ್ಲಿ ಕಟ್ಟಿದುದು ಇದೇ ಉಪಾಯದಿಂದಲ್ಲವೆ? ಗುರುವಿನ ಬಾಯಿಂದ ಹೊರಡುವುದು ನಾಲ್ಕಕ್ಷರದ ಸೂತ್ರ. ಅದರ ವೃತ್ತಿಯೂ ಉದಾಹರಣೆಯೂ ಶಿಷ್ಯನ ಮನಸ್ಸಿನಲ್ಲಿ ತಾನಾಗಿ ವಿಸ್ತರಿಸಿಕೊಳ್ಳುತ್ತವೆ. ಕೇಳುವವನು ಸಿದ್ಧನಾಗಿದ್ದರೆ ಹೇಳುವವನು ಅಲ್ಪವನ್ನು ಹೇಳಿದರೆ ಸಾಕು.

ಈ ವಾರ್ತೆಯನ್ನು ಸಾಗಿಸುವ ಕ್ರಮದಲ್ಲಿಯೂ ಒಂದು ವಿವೇಕವಿದೆ. ಗಣಕಗಳ ನಡುವಣ ಓಲೆಗಾರಿಕೆಯಲ್ಲಿ ಎರಡು ಪದ್ಧತಿಗಳು. ಓಲೆ ಮುಟ್ಟಿತೆಂಬ ರಸೀತಿ ಬರುವವರೆಗೂ ಬಿಡದೆ ಮತ್ತೆ ಮತ್ತೆ ಕಳುಹಿಸುವುದು ಒಂದು. ಕಳುಹಿಸಿ ಮರೆತುಬಿಡುವುದು ಇನ್ನೊಂದು. ಹಣದ ಲೆಕ್ಕಕ್ಕೆ ಮೊದಲನೆಯದು ತಕ್ಕದ್ದು. ಹಾರಾಟದ ವಾರ್ತೆಗೆ ಬಹುಮಟ್ಟಿಗೆ ಎರಡನೆಯದೇ ಲೇಸು. ಎಕ್ಸ್-ಪ್ಲೇನ್ ಬಳಸುವುದು ಯುಡಿಪಿ ಎಂಬ ಈ ಎರಡನೆಯ ಬಗೆಯನ್ನೇ. ಒಂದು ಕ್ಷಣದ ಹಿಂದೆ ವಿಮಾನವು ೩೦೦೦ ಅಡಿ ಎತ್ತರದಲ್ಲಿದ್ದಿತೆಂಬ ಕಳೆದುಹೋದ ಓಲೆಯನ್ನು ಹುಡುಕಿ ತರುವಷ್ಟರಲ್ಲಿ ವಿಮಾನವು ಬೇರೆಡೆಯಲ್ಲಿರುತ್ತದೆ. ಹೊತ್ತು ಮೀರಿದ ಸತ್ಯವು ಅಸತ್ಯಕ್ಕೆ ಸಮಾನ. ಆದುದರಿಂದ ಹೋದುದು ಹೋಗಲಿ, ಹೊಸದು ಬರಲಿ ಎಂದು ಯಂತ್ರವು ಮುಂದೆ ನೋಡುತ್ತದೆ.

ಆದರೆ ಫಲಕವೆಂದರೆ ಬರಿಯ ನೋಟವಲ್ಲ. ಅದರಲ್ಲಿ ತಿರುಗಿಸುವ ಗುಂಡಿಗಳೂ ಉಂಟು. ಔನ್ನತ್ಯಮಾಪಕಕ್ಕೆ ಆ ದಿನದ, ಆ ಊರಿನ ವಾಯುವಿನ ಒತ್ತಡವನ್ನು ಗುಂಡಿಯಿಂದ ತಿಳಿಸಬೇಕು. ಸರಾಸರಿ ಒತ್ತಡ ೧೦೧೩.೨೫ ಹೆಕ್ಟೊಪಾಸ್ಕಲ್, ಸಮುದ್ರಮಟ್ಟದ ಬಳಿ ಹತ್ತು ಹೆಕ್ಟೊಪಾಸ್ಕಲ್ ತಪ್ಪಿದರೆ ಎತ್ತರದಲ್ಲಿ ಸುಮಾರು ೨೮೦ ಅಡಿಗಳಷ್ಟು ತಪ್ಪು. ಈ ಒತ್ತಡದ ಸಂಖ್ಯೆಯನ್ನು ಎರಡು ಯಂತ್ರಗಳೂ ತಂತಮ್ಮಲ್ಲಿ ಬೇರೆ ಬೇರೆಯಾಗಿ ಇಟ್ಟುಕೊಂಡರೆ ಕ್ರಮೇಣ ಅವು ಒಂದಕ್ಕೊಂದು ಹೊಂದದೆ ಹೋಗುತ್ತವೆ. ಫಲಕವು ಒಂದು ಎತ್ತರವನ್ನು ನುಡಿದರೆ ಹಾರಾಟದ ಯಂತ್ರವು ಇನ್ನೊಂದನ್ನು ನಂಬಿಕೊಂಡಿರುತ್ತದೆ. ಒಂದು ಮನೆಗೆ ಎರಡು ಯಜಮಾನಿಕೆ ಸಲ್ಲದು. ಬಲ್ಲ ಹವ್ಯಾಸಿಯು ಸತ್ಯದ ಬೊಕ್ಕಸವನ್ನು ಒಂದೇ ಕಡೆ ಇಡುತ್ತಾನೆ. ಗುಂಡಿಯನ್ನು ತಿರುಗಿಸಿದಾಗ ಫಲಕವು ತಾನೇ ಮುಳ್ಳನ್ನು ಸರಿಸುವುದಿಲ್ಲ. ‘ಒಂದು ಹಲ್ಲು ಮುಂದಕ್ಕೆ ತಿರುಗಿತು’ ಎಂದು ಮುಖ್ಯಯಂತ್ರಕ್ಕೆ ಅರಿಕೆ ಮಾಡಿಕೊಳ್ಳುತ್ತದೆ. ಅಲ್ಲಿಂದ ಹೊಸ ಸಂಖ್ಯೆ ಮರಳಿ ಬಂದ ಮೇಲೆಯೇ ಮುಳ್ಳು ಚಲಿಸುತ್ತದೆ.

ಇಷ್ಟೆಲ್ಲ ಅಣಿಯಾದ ಮೇಲೂ ಉಳಿಯುವ ಅಪಾಯವೊಂದಿದೆ. ಅದನ್ನು ಅರಿಯದವನ ಫಲಕವು ಎಷ್ಟು ಅಂದವಾಗಿದ್ದರೂ ವ್ಯರ್ಥ. ತಂತಿಯು ಕಳಚಿತೆನ್ನಿ. ಸಂಖ್ಯೆಗಳು ಬರುವುದು ನಿಲ್ಲುತ್ತದೆ. ಆಗ ಮುಳ್ಳುಗಳು ಸೊನ್ನೆಗೆ ಬೀಳುವುದಿಲ್ಲ. ಕೊನೆಯ ಸಂಖ್ಯೆಯನ್ನೇ ತೋರುತ್ತ ನಿಂತುಬಿಡುತ್ತವೆ. ವೇಗ ಸ್ಥಿರ, ಎತ್ತರ ಸ್ಥಿರ, ರೆಕ್ಕೆಗಳು ಸಮ. ನೋಡುವವನಿಗೆ ಇದಕ್ಕಿಂತ ನಿರ್ದುಷ್ಟವಾದ ಹಾರಾಟವಿಲ್ಲ. ವಿಮಾನವಾದರೋ ಅಷ್ಟರಲ್ಲಿ ಕೆಳಮುಖವಾಗಿ ಧಾವಿಸುತ್ತಿರಬಹುದು. ಮುರಿದುಬಿದ್ದ ಮುಳ್ಳು ತನ್ನ ಸಾವನ್ನು ತಾನೇ ಸಾರುತ್ತದೆ. ಹೆಪ್ಪುಗಟ್ಟಿದ ಮುಳ್ಳು ಬದುಕಿದಂತೆ ನಟಿಸುತ್ತದೆ. ಆದುದರಿಂದ ಫಲಕವನ್ನು ರಚಿಸುವವನು ಒಂದು ನಿಯಮವನ್ನು ಮೊದಲೇ ಬರೆದಿಡಬೇಕು: ಇಷ್ಟು ಹೊತ್ತಿನೊಳಗೆ ಹೊಸ ವಾರ್ತೆ ಬಾರದಿದ್ದರೆ ಮಾಪಕದ ಮೋರೆಗೆ ಕೆಂಪು ಗೀಟನ್ನು ಎಳೆಯತಕ್ಕದ್ದು. ನಿಜವಾದ ವಿಮಾನಗಳ ಗಾಜಿನ ಪರದೆಗಳಲ್ಲಿಯೂ ನಂಬಲಾಗದ ಮಾಪಕದ ಮೇಲೆ ಕೆಂಪು ಬಣ್ಣದ ಕತ್ತರಿಗೀಟು ಮೂಡುವುದುಂಟು. ದೊಡ್ಡ ವಿಮಾನಗಳಲ್ಲಿ ಉಪಕರಣಗಳು ತಮ್ಮತಮ್ಮೊಳಗೆ ಮಾತನಾಡುವ ಎಆರ್‌ಐಎನ್‌ಸಿ ೪೨೯ ಎಂಬ ಪದ್ಧತಿಯಲ್ಲಿ ಒಂದೊಂದು ಸಂದೇಶಕ್ಕೂ ‘ಪದ’ವೆಂದೇ ಹೆಸರು. ಅದರ ಉದ್ದ ೩೨ ಬಿಟ್ಟುಗಳು. ತಾನು ಏನನ್ನು ಕುರಿತು ಹೇಳುತ್ತಿದ್ದೇನೆಂಬ ಗುರುತು ಅದರಲ್ಲಿ ಎಂಟು ಬಿಟ್ಟುಗಳಲ್ಲಿದೆ. ತನ್ನ ಮಾತನ್ನು ನಂಬಬಹುದೋ ಕೂಡದೋ ಎಂಬುದನ್ನು ತಿಳಿಸಲು ಎರಡು ಬಿಟ್ಟುಗಳು ಮೀಸಲು. ವಿಭಕ್ತಿಯಿಲ್ಲದ ಪದವು ವಾಕ್ಯದಲ್ಲಿ ನಿಲ್ಲದೆಂದು ವ್ಯಾಕರಣವು ಹೇಳುವಂತೆ, ವಿಶ್ವಾಸದ ಗುರುತಿಲ್ಲದ ಸಂಖ್ಯೆಯು ಫಲಕದಲ್ಲಿ ನಿಲ್ಲಲಾಗದೆಂದು ಈ ಶಾಸ್ತ್ರವು ಹೇಳುತ್ತದೆ.

ಇದು ಕೋಣೆಯ ಆಟದ ಮಾತೆಂದು ಯಾರೂ ಲಘುವಾಗಿ ತಿಳಿಯಬಾರದು. ೧೯೭೮ರ ಜನವರಿ ೧ರ ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ‘ಸಾಮ್ರಾಟ್ ಅಶೋಕ’ ಎಂಬ ಬೋಯಿಂಗ್ ೭೪೭ ವಿಮಾನವು ನೆಲ ಬಿಟ್ಟ ೧೦೧ ಸೆಕೆಂಡುಗಳಲ್ಲಿ ಬಾಂದ್ರಾದ ಆಚೆ ಅರಬ್ಬೀ ಸಮುದ್ರಕ್ಕೆ ಬಿದ್ದಿತು. ಅದರಲ್ಲಿದ್ದ ೨೧೩ ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಕ್ಯಾಪ್ಟನ್ನರ ಮುಂದಿದ್ದ ಕ್ಷಿತಿಜಸೂಚಕವು ಕೆಟ್ಟು, ವಿಮಾನವು ಸಮನಾಗಿದ್ದಾಗಲೂ ಬಲಕ್ಕೆ ವಾಲಿದೆಯೆಂದು ತೋರಿಸಿತು. ಅದನ್ನು ನಂಬಿ ವಿಮಾನವನ್ನು ಎಡಕ್ಕೆ ತಿರುಗಿಸಲಾಯಿತು. ಎಡಕ್ಕೆ ತಿರುಗಿದಷ್ಟೂ ಇನ್ನೂ ಎಡಕ್ಕೆ. ಕರಾವಳಿಯ ದೀಪಗಳು ಹಿಂದೆ ಉಳಿದು ಎದುರಿಗಿದ್ದುದು ಕಡಲ ಕತ್ತಲೆ, ಕಣ್ಣಿಗೆ ದಿಗಂತವಿರಲಿಲ್ಲ. ಅದೇ ಕೋಣೆಯಲ್ಲಿ ಸಹಚಾಲಕನ ಮುಂದೆ ಇನ್ನೊಂದು ಸೂಚಕವಿತ್ತು. ಆಪತ್ತಿಗೆಂದು ಇಟ್ಟ ಮೂರನೆಯದೂ ಇತ್ತು. ಫ್ಲೈಟ್ ಎಂಜಿನಿಯರು ಕೊನೆಯ ಕ್ಷಣಗಳಲ್ಲಿ ಆ ವ್ಯತ್ಯಾಸವನ್ನು ಕಂಡು ಎಚ್ಚರಿಸಲು ಯತ್ನಿಸಿದುದು ಧ್ವನಿಮುದ್ರಿಕೆಯಲ್ಲಿ ಉಳಿದಿದೆ. ಹೋಲಿಸಿ ನೋಡಲು ಸಾಕಷ್ಟು ಸಾಕ್ಷಿಗಳಿದ್ದವು. ಸಾಲದೆ ಹೋದುದು ಕಾಲ.

ಇನ್ನೊಂದು ದುರಂತವು ಇದರ ಮಗ್ಗುಲನ್ನು ತೋರುತ್ತದೆ. ೨೦೦೯ರ ಮೇ ೩೧ರಂದು ರಿಯೋದಿಂದ ಪ್ಯಾರಿಸ್ಸಿಗೆ ಹೊರಟ ಏರ್ ಫ್ರಾನ್ಸಿನ ೪೪೭ನೆಯ ವಿಮಾನದಲ್ಲಿ ವೇಗವನ್ನು ಅಳೆಯುವ ನಳಿಗೆಗಳು ಮೂರಿದ್ದವು. ಮೂರೂ ಒಂದೇ ಬಗೆಯವು. ಎತ್ತರದ ಮೋಡಗಳ ಹಿಮದ ಹರಳುಗಳು ಅವನ್ನು ಮುಚ್ಚಿದವು. ವೇಗದ ವಾರ್ತೆ ತಪ್ಪಿದುದು ಒಂದು ನಿಮಿಷಕ್ಕೂ ಕಡಿಮೆ ಕಾಲ. ಆದರೆ ಆ ಗೊಂದಲದಲ್ಲಿ ವಿಮಾನವು ಹತೋಟಿ ತಪ್ಪಿ ಸಾಗರಕ್ಕೆ ಬಿದ್ದು ೨೨೮ ಜನ ಮಡಿದರು. ಮುಂಬಯಿಯ ಪ್ರಸಂಗದಲ್ಲಿ ಬೇರೆ ಬೇರೆ ಸಾಕ್ಷಿಗಳಿದ್ದೂ ಅವನ್ನು ಹೋಲಿಸಲಾಗಲಿಲ್ಲ. ಇಲ್ಲಿ ಸಾಕ್ಷಿಗಳು ಮೂರಿದ್ದೂ ಅವುಗಳ ದೌರ್ಬಲ್ಯ ಒಂದೇ ಆಗಿದ್ದಿತು.

ಇದರಿಂದ ಕೋಣೆಯ ಹವ್ಯಾಸಿಯು ಕಲಿಯತಕ್ಕ ಪಾಠವು ಸ್ಪಷ್ಟ. ಅವನು ಎರಡು ಕಂಪ್ಯೂಟರುಗಳನ್ನಲ್ಲ, ಹತ್ತನ್ನು ಜೋಡಿಸಿದರೂ ಅವೆಲ್ಲವೂ ನುಡಿಯುವುದು ಒಂದೇ ಮುಖ್ಯಯಂತ್ರದಿಂದ ಬಂದ ಮಾತನ್ನು. ಹತ್ತು ಪರದೆಗಳು ಒಂದೇ ಎತ್ತರವನ್ನು ತೋರಿದರೆ ಅದು ಹತ್ತು ಸಾಕ್ಷಿಗಳ ಒಮ್ಮತವಲ್ಲ, ಒಬ್ಬ ಸಾಕ್ಷಿಯ ಹತ್ತು ಪ್ರತಿಧ್ವನಿ. ನಿಜವಾದ ವಿಮಾನದಲ್ಲಿ ಮಾಪಕಗಳು ಬೇರೆಯಾಗಿರುವುದು ನೋಟದ ಅನುಕೂಲಕ್ಕಾಗಿ ಮಾತ್ರವಲ್ಲ. ಅವುಗಳ ಬುಗುರಿ ಬೇರೆ, ನಳಿಗೆ ಬೇರೆ, ವಿದ್ಯುತ್ತಿನ ಮೂಲವೂ ಬೇರೆ. ಕೇಳಿದ ಕಿವಿಗಳು ಎಷ್ಟೆಂಬುದಲ್ಲ, ಕಂಡ ಕಣ್ಣುಗಳು ಎಷ್ಟೆಂಬುದು ಮುಖ್ಯ. ಒಬ್ಬನ ಬಾಯಿಂದ ಹೊರಟ ಸುದ್ದಿಯು ಊರೆಲ್ಲ ಹರಡಿ ನೂರು ಬಾಯಲ್ಲಿ ಮರಳಿ ಬಂದಾಗ ಅದನ್ನು ನೂರು ಜನರ ಸಾಕ್ಷ್ಯವೆಂದು ಬಗೆಯುವ ಭ್ರಮೆಯು ಆಕಾಶಕ್ಕೆ ಮಾತ್ರ ಸೀಮಿತವಾದುದಲ್ಲ.

ಹಾಗಾದರೆ ಈ ಕೋಣೆಯ ಸಾಧನೆಯಿಂದ ಪ್ರಯೋಜನವಿಲ್ಲವೆ? ಉಂಟು, ಆದರೆ ಅದರ ಎಲ್ಲೆಯನ್ನು ಅರಿತಿರಬೇಕು. ಮನೆಯ ಕುರ್ಚಿಯು ವಾಲುವುದಿಲ್ಲ. ಒಳಗಿವಿಯ ದ್ರವವು ಅಲ್ಲಿ ಸುಳ್ಳು ಹೇಳುವುದಿಲ್ಲ. ದೇಹವು ಕೂಗಿ ಹೇಳುತ್ತಿರುವುದನ್ನು ಧಿಕ್ಕರಿಸಿ ಮುಳ್ಳನ್ನು ನಂಬುವ ಧೈರ್ಯವನ್ನು ಕುರ್ಚಿಯು ಕಲಿಸಲಾರದು. ಅದಕ್ಕೆಂದೇ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಂತಹ ಕಡೆಗಳಲ್ಲಿ ವಾಯುಪಡೆಯ ಚಾಲಕರಿಗೆ ದಿಗ್ಭ್ರಮೆಯನ್ನು ಬೇಕೆಂದೇ ಉಂಟುಮಾಡಿ ಅಭ್ಯಾಸ ಕೊಡಲಾಗುತ್ತದೆ. ಅದೇ ನಗರದ ಎಡಿಇ ಎ‌ಂಬ ರಕ್ಷಣಾ ಸಂಶೋಧನಾಲಯವು ದೇಶದ ಯುದ್ಧವಿಮಾನಗಳಿಗಾಗಿ ಅನುಕರಣಯಂತ್ರಗಳನ್ನು ರೂಪಿಸಿದೆ. ಅಮೆರಿಕದ ನಿಯಮದಂತೆ ಉಪಕರಣ ಹಾರಾಟದ ಅರ್ಹತೆಗೆ ಬೇಕಾದ ೪೦ ಗಂಟೆಗಳಲ್ಲಿ, ಸರ್ಕಾರದ ಒಪ್ಪಿಗೆ ಪಡೆದ ಮೂಲದರ್ಜೆಯ ಶಿಕ್ಷಣಸಾಧನದಲ್ಲಿ ಕಳೆದ ೧೦ ಗಂಟೆಗಳನ್ನೂ ಮೇಲ್ದರ್ಜೆಯದರಲ್ಲಿ ೨೦ ಗಂಟೆಗಳನ್ನೂ ಎಣಿಕೆಗೆ ಹಿಡಿಯಬಹುದು. ಒಪ್ಪಿಗೆಯಿಲ್ಲದ ಮನೆಯ ಮೇಜಿನ ಗಂಟೆಗಳಿಗೆ ಆ ಮನ್ನಣೆಯಿಲ್ಲ.

ಮನೆಯ ಮೇಜು ಕಲಿಸುವುದು ದೃಷ್ಟಿಯ ಶಿಸ್ತನ್ನು. ಕ್ಷಿತಿಜದಿಂದ ವೇಗಕ್ಕೆ, ಅಲ್ಲಿಂದ ಕ್ಷಿತಿಜಕ್ಕೆ, ಅಲ್ಲಿಂದ ಎತ್ತರಕ್ಕೆ, ಮತ್ತೆ ಕ್ಷಿತಿಜಕ್ಕೆ ಎಂದು ನೋಟವು ಸುತ್ತಿ ಸುತ್ತಿ ಬರುವ ಕ್ರಮವು ಮೈಗೂಡಲು ಸಾವಿರಾರು ಆವೃತ್ತಿಗಳು ಬೇಕು. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುವ ಬಾಲಕನಿಗೆ ಅರ್ಥವು ಆಮೇಲೆ ಹೊಳೆಯುವುದುಂಟು. ಹೊಳೆಯುವ ಹೊತ್ತಿಗೆ ಪದವು ನಾಲಗೆಯ ತುದಿಯಲ್ಲಿ ಸಿದ್ಧವಾಗಿರುತ್ತದೆ. ಆವೃತ್ತಿಗೆ ಬೆಲೆಬಾಳುವ ವಿಮಾನವೇ ಬೇಕೆಂದಿಲ್ಲ. ಯಾರೋ ಬೇಡವೆಂದು ಬಿಸುಟ ಗಣಕವೂ ಒಂದು ಹಲಗೆಯೂ ಸಾಕು. ಐವತ್ತು ಡಾಲರು ತೆತ್ತೂ ಹಿಡಿಕೆಯನ್ನು ಮುಟ್ಟಲಾರದೆ ಮರಳಿದ ಹುಡುಗನ ಹಂಬಲವು ಇಂದು ಬಡ ವಿದ್ಯಾರ್ಥಿಯ ಕೋಣೆಯಲ್ಲಿಯೂ ನೆರವೇರಬಹುದಾಗಿದೆ.

ಆದರೆ ಮುಳ್ಳನ್ನು ನಂಬುವುದನ್ನು ಕಲಿತವನು ಮುಳ್ಳನ್ನು ಪ್ರಶ್ನಿಸುವುದನ್ನೂ ಕಲಿಯಬೇಕು. ಮೊದಲನೆಯದು ಇಲ್ಲದವನು ಮೋಡದಲ್ಲಿ ಮೂರು ನಿಮಿಷ ಬಾಳಲಾರ. ಎರಡನೆಯದು ಇಲ್ಲದವನು ಕೆಟ್ಟ ಮಾಪಕದ ಹಿಂದೆ ಕಡಲಿಗಿಳಿಯುತ್ತಾನೆ. ಶ್ರದ್ಧೆ ಮತ್ತು ಸಂಶಯ ಇವು ವೈರಿಗಳೆಂದು ತಿಳಿಯುವವರೇ ಹೆಚ್ಚು. ಮಾಪಕಗಳ ಮುಂದೆ ಕುಳಿತವನಿಗಾದರೋ ಅವೆರಡೂ ಒಂದೇ ನೊಗಕ್ಕೆ ಹೂಡಿದ ಎತ್ತುಗಳು. ಹಲಗೆಯ ಕಂಡಿಗಳನ್ನು ಕೊರೆದು ಮುಳ್ಳುಗಳನ್ನು ಆಡಿಸಿದ ಹವ್ಯಾಸಿಯು ಒಮ್ಮೆ ತಾನಾಗಿಯೇ ತಂತಿಯನ್ನು ಕಿತ್ತು, ಕೆಂಪು ಗೀಟು ಮೂಡುವುದೋ ಇಲ್ಲವೋ ಎಂದು ಪರೀಕ್ಷಿಸಿ ನೋಡಲಿ. ಅದು ಮೂಡಿದ ದಿನ ಅವನ ಫಲಕವು ನಂಬಿಕೆಗೆ ಅರ್ಹವಾಯಿತೆನ್ನಬಹುದು.